ಹಿಂದಿನ ಎಡಬಾಗಿಲಿನ ಗಾಜು

ನಮ್ಮ ಕಾರಿನ ಕಂಪನಿ ಮುಚ್ಚಿ ಹನ್ನೊಂದು ವರ್ಷವಾಯಿತು. ಬಿಡಿಭಾಗ ಬೇಕೆಂದರೆ ಗುಜರಿಯಲ್ಲಿ ಬಿದ್ದಿರುವ ಅದೇ ಮಾದರಿಯ ಒಂದೇ ಒಂದು ಕಾರು ಗತಿ. ಅಮ್ಮನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಹಿಂದಿನ ಎಡಬಾಗಿಲಿನ ಗಾಜು ಒಡೆದ ಮರುದಿನವೇ ಗುಜರಿಗೆ ಹೋದೆ.

ಸುಡುಬಿಸಿಲು. ಆ ಕಾರಿಗೆ ಎಂಜಿನ್ ಇಲ್ಲ, ಚಕ್ರವಿಲ್ಲ. ಆದರೂ ಒಳಗೆ ಕೈಯಿಟ್ಟರೆ ಕೊರೆಯುವ ಚಳಿ. ಗಾಜು ಒಳಗಿನಿಂದ ಉಸಿರು ತಾಗಿದಂತೆ ಮಸುಕಾಗಿತ್ತು. ಒರೆಸಿದೆ. ಮತ್ತೆ ಮಸುಕಾಯಿತು.

"ಅಣ್ಣಾ, ಈ ಗಾಜೊಂದು ಬಿಟ್ಬಿಡಿ," ಎಂದ ಗುಜರಿಯವನು. "ತಗೊಂಡು ಹೋದೋರೆಲ್ಲ ವಾಪಸ್ ತಂದಿಟ್ಟಿದ್ದಾರೆ."

"ಅಮ್ಮನಿಗೆ ಗಾಳಿ ತಡ್ಕೊಳ್ಳೋಕಾಗಲ್ಲಪ್ಪಾ," ಎಂದು ಬಿಚ್ಚಿಸಿ ತಂದು ಹಾಕಿಸಿದೆ.

ಮಾರನೆಯ ದಿನ ಆಸ್ಪತ್ರೆಯ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದ ಅಮ್ಮ ಮೆಲ್ಲಗೆ ಹೇಳಿದಳು: "ಸ್ವಲ್ಪ ಸರ್ಕೊಂಡು ಕೂತ್ಕೋ ಪುಟ್ಟಾ, ನಂಗೂ ಜಾಗ ಬೇಕಲ್ಲ."

ಅಂದೇ ಗಾಜು ಬಿಚ್ಚಿಸಿ ಹಿಂದಿರುಗಿಸಿದೆ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೇನೆ. ಅಮ್ಮ ಇವತ್ತಿಗೂ ಸೀಟಿನ ಬಲತುದಿಗೇ ಒತ್ತಿಕೊಂಡು ಕೂರುತ್ತಾಳೆ.