ಬೆಳಗಿನ ಗುಡ್ ನೈಟ್

“ಇನ್ನೊಂದು ಸಲ ಹೇಳು. ಕೊನೇ ಬೆಂಚಿಗೂ ಕೇಳಬೇಕು,” ಎಂದರು ಇಂಗ್ಲಿಷ್ ಟೀಚರ್.

ಪಿಸುಗುಬ್ಬಿ ಎದ್ದು ನಿಂತಿದ್ದಳು. ಅದು ಅವಳ ನಿಜವಾದ ಹೆಸರಲ್ಲ. ಯಾವ ಮಾತನ್ನೂ ಪಿಸುಗುಟ್ಟಿದಂತೆಯೇ ಆಡುತ್ತಾಳೆಂದು ತರಗತಿಯವರು ಇಟ್ಟ ಹೆಸರು.

ಕರಿಹಲಗೆಯ ಮೇಲೆ ಆ ದಿನದ ಪಾಠವಿತ್ತು: ಅಟ್ ನೈಟ್, ಲಾಸ್ಟ್ ನೈಟ್, ಟುನೈಟ್, ಗುಡ್ ಈವನಿಂಗ್, ಗುಡ್ ನೈಟ್. ಇವುಗಳಲ್ಲಿ ಒಂದನ್ನು ಬಳಸಿ ತಮ್ಮ ಮನೆಯ ಸಂಗತಿಯೊಂದನ್ನು ಹೇಳಬೇಕು. ಪಕ್ಕದಲ್ಲಿ ಕೂರುವ ಟೈಲರ್ ಮಗಳು, ಲಾಸ್ಟ್ ನೈಟ್ ತಮ್ಮ ಮನೆಯಲ್ಲಿ ಕರೆಂಟ್ ಹೋದದ್ದನ್ನು ಹೇಳಿ ಆಗಲೇ ‘ವೆರಿ ಗುಡ್’ ಗಿಟ್ಟಿಸಿಕೊಂಡಿದ್ದಳು.

ಪಿಸುಗುಬ್ಬಿ ಉಸಿರೆಳೆದುಕೊಂಡಳು. “ಎವ್ರಿ ಮಾರ್ನಿಂಗ್ ಐ ಸೇ ಗುಡ್ ನೈಟ್ ಟು ಮೈ ಫಾದರ್.”

ತರಗತಿ ಗೊಳ್ಳೆಂದಿತು.

“ನಿಮ್ಮಪ್ಪ ಏನು ಗೂಬೇನಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಇನ್ನೊಂದು ಸುತ್ತು ಬಂತು.

ಟೀಚರ್ ಡಸ್ಟರಿನಿಂದ ಮೇಜು ಕುಟ್ಟಿದರು. “ಸಾಕು. ನೋಡಮ್ಮ, ಸಂಜೆ ಮೇಲೆ ಯಾರಾದ್ರೂ ಸಿಕ್ಕಿದ್ರೆ ಗುಡ್ ಈವನಿಂಗ್. ರಾತ್ರಿ ಹೊರಡೋವಾಗ, ಮಲಗೋವಾಗ ಗುಡ್ ನೈಟ್. ಬೆಳಿಗ್ಗೆ ಗುಡ್ ಮಾರ್ನಿಂಗ್ ಮಾತ್ರ. ಗೊತ್ತಾಯ್ತಾ?”

‘ನಮ್ಮಪ್ಪ ಮಲಗೋದೇ ಬೆಳಿಗ್ಗೆ, ಮಿಸ್’ ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಅವಳು ತಲೆಯಾಡಿಸಿ ಬೆಂಚಿನ ಮೇಲೆ ಕುಳಿತಳು.

ಶಾಲೆ ಬಿಟ್ಟ ಮೇಲೆ ಟೈಲರ್ ಮಗಳು ಹೇಳಿದಳು: “ದಿನಾ ಕೆಳಗಿಂದಲೇ ಕೂಗ್ತೀನಲ್ಲ, ನಾಡಿದ್ದು ನಿಮ್ಮನೆಗೆ ಮೇಲೇ ಬರ್ತೀನಿ ಕಣೇ. ನಾನೂ ಗೂಬೆ ನೋಡಬೇಕು.”

ಅಪ್ಪ ಬ್ರೆಡ್ ಮಾಡುವ ಬೇಕರಿಯಲ್ಲಿ ಒಲೆಯ ಕೆಲಸಗಾರ. ಊರು ದೀಪ ಹಚ್ಚುವ ಹೊತ್ತಿಗೆ ಹೊರಡುತ್ತಿದ್ದ. ಊರು ಹಲ್ಲುಜ್ಜುವ ಹೊತ್ತಿಗೆ ಹುಬ್ಬಿನಲ್ಲಿ ಹಿಟ್ಟು ಅಂಟಿಸಿಕೊಂಡು ಬರುತ್ತಿದ್ದ. ಪಿಸುಗುಬ್ಬಿ ಬ್ಯಾಗ್ ಹೆಗಲಿಗೇರಿಸಿ “ಗುಡ್ ನೈಟ್, ಅಪ್ಪ” ಎನ್ನುವಳು. ಹಾಸಿಗೆಯಿಂದ ಅಪ್ಪ “ಗುಡ್ ಮಾರ್ನಿಂಗ್, ಮಗಳೇ” ಎನ್ನುವನು. ಅವಳು ಶಿಶುವಿಹಾರದಲ್ಲಿ ಈ ಮಾತುಗಳನ್ನು ಕಲಿತಂದಿನಿಂದ ಹೀಗೆಯೇ ನಡೆದು ಬಂದಿತ್ತು.

ಆ ಮಾತು ಬಿದ್ದೊಡನೆ ಆ ಮನೆಯಲ್ಲಿ ರಾತ್ರಿಯಾಗುತ್ತಿತ್ತು. ಅಮ್ಮ ಕಿಟಕಿಗೆ ಕಪ್ಪು ಕಂಬಳಿ ಇಳಿಬಿಡುವಳು, ಕಾಲಿಂಗ್ ಬೆಲ್ಲಿನ ಬ್ಯಾಟರಿ ತೆಗೆದಿಡುವಳು. ಅಲ್ಲಿಂದಾಚೆ ಚಮಚವೂ ತಟ್ಟೆಗೆ ತಾಗುವಂತಿಲ್ಲ. ರಜಾದಿನಗಳಲ್ಲಿ ಪಿಸುಗುಬ್ಬಿ ಪಿಸುಮಾತು ಕಲಿತದ್ದು ಅಲ್ಲಿಯೇ.

ಮರುದಿನ ಅವಳು ಬ್ಯಾಗ್ ಹೆಗಲಿಗೇರಿಸಿ, ಗೋಡೆಯ ಕಡೆ ನೋಡುತ್ತ, “ಗುಡ್ ಮಾರ್ನಿಂಗ್, ಅಪ್ಪ” ಎಂದಳು.

ಅಪ್ಪ ದಿಂಬಿನಿಂದ ತಲೆಯೆತ್ತಿದ. “ಇದೇನು, ಸೂರ್ಯ ಇವತ್ತು ಪಶ್ಚಿಮದಲ್ಲಿ ಹುಟ್ಟಿದ್ನಾ?”

“ಬೆಳಿಗ್ಗೆ ಗುಡ್ ನೈಟ್ ಅಂದ್ರೆ ತಪ್ಪಂತೆ. ಎಲ್ಲಾರೂ ನಕ್ಕರು.”

“ಯಾರನ್ನ ನೋಡಿ? ನನ್ನನ್ನಾ?”

ಅವಳು ಬಗ್ಗಿ ಶೂ ಲೇಸ್ ಕಟ್ಟತೊಡಗಿದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು. “ನಾಳೆ ನನ್ ಫ್ರೆಂಡ್ ಮೇಲೆ ಬರ್ತಾಳಂತೆ. ನಿನ್ನ ನೋಡೋಕೆ.”

ಅಪ್ಪ ಮೊಳೆಗೆ ನೇತುಹಾಕಿದ್ದ ಅಂಗಿಯತ್ತ ನೋಡಿದ. “ಬರ್ಲಿ ಬಿಡು,” ಎಂದ.

ಟೈಲರ್ ಮಗಳು ಬಂದಾಗ ಅಪ್ಪ ಹಾಸಿಗೆಯಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಬಾಗಿಲ ಪಕ್ಕದ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದ. ಕಿಟಕಿ ತೆರೆದಿತ್ತು.

“ಗುಡ್ ಮಾರ್ನಿಂಗ್. ಬಾಮ್ಮ, ಒಳಗೆ ಬಾ.”

ಮೆಟ್ಟಿಲಿಳಿಯುವಾಗ ಟೈಲರ್ ಮಗಳ ಮುಖ ಸಪ್ಪಗಾಗಿತ್ತು. “ನಿಮ್ಮಪ್ಪ ಎಲ್ಲರ ಥರಾನೇ ಇದಾರಲ್ಲೇ. ಕಣ್ಣು ಮಾತ್ರ ಕೆಂಪಗಿದೆ.”

ಎಲ್ಲರ ಥರ! ಪಿಸುಗುಬ್ಬಿ ಆ ದಿನವೆಲ್ಲ ಆ ಮಾತನ್ನು ಬಾಯಲ್ಲಿ ಪೆಪ್ಪರ್ಮಿಂಟಿನಂತೆ ಇಟ್ಟುಕೊಂಡಿದ್ದಳು. ಕೆಂಪು ಕಣ್ಣಿನ ಮಾತನ್ನು ಮಾತ್ರ ಮರೆತಳು.

ಟೈಲರ್ ಮಗಳಿಗೆ ಮೇಲೆ ಬರುವುದು ರೂಢಿಯಾಯಿತು. ಅಪ್ಪನಿಗೆ ಕುರ್ಚಿ ರೂಢಿಯಾಯಿತು. ಅವರು ಹೋದ ಮೇಲೆ ಅಪ್ಪ ಅಂಗಿ ಕಳಚಿ ಮಲಗಬೇಕಿತ್ತು; ಕಂಬಳಿ ಇಳಿಯುವುದು ತಡವಾಗತೊಡಗಿತು. ಬ್ಯಾಟರಿ ತೆಗೆಯುವ ಮುಂಚೆಯೇ ಪೇಪರಿನವನು ಬೆಲ್ ಒತ್ತುತ್ತಿದ್ದ, ಕೊರಿಯರಿನವನು ಒತ್ತುತ್ತಿದ್ದ.

“ಅವಳು ಹೋದ ಮೇಲಾದ್ರೂ ನಿದ್ದೆ ಮಾಡಬಾರ್ದಾ?” ಎಂದು ಅಮ್ಮ ಒಂದು ಸಂಜೆ ಕೇಳುತ್ತಿದ್ದಳು.

“ಹೊತ್ತು ತಪ್ಪಿದ ನಿದ್ದೆ, ಬಾ ಅಂದ್ರೆ ಬರುತ್ತಾ?” ಅಪ್ಪನ ಧ್ವನಿ ನೀರಿಲ್ಲದ ಹಿಟ್ಟಿನಂತಿತ್ತು. “ಮಗು ನಾಲ್ಕು ಜನರ ಮುಂದೆ ತಲೆ ತಗ್ಗಿಸೋ ಹಾಗಾಗಬಾರ್ದು ಕಣೇ.”

ಪಿಸುಗುಬ್ಬಿ ಪುಸ್ತಕದಿಂದ ತಲೆಯೆತ್ತಲಿಲ್ಲ. ಪುಟವನ್ನೂ ತಿರುಗಿಸಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಅಪ್ಪ ಬರುವುದು ತಡವಾಯಿತು. ಬಂದಾಗ ಅವನ ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬಿಳಿ ಬ್ಯಾಂಡೇಜ್ ಸುತ್ತಿತ್ತು. ಮನೆಯಲ್ಲಿ ಬ್ರೆಡ್ಡಿನ ವಾಸನೆಯ ಬದಲು ಮುಲಾಮಿನ ವಾಸನೆ ಹರಡಿತು.

ಅಮ್ಮ ಅವನ ಎಡಗೈಗೆ ನೀರಿನ ಲೋಟ ಕೊಟ್ಟಳು. ಆಮೇಲೆ ಯಾರ ಮುಖವನ್ನೂ ನೋಡದೆ, ಒಲೆಯ ಮೇಲಿನ ಪಾತ್ರೆಗೆ ಹೇಳುವಂತೆ ಹೇಳಿದಳು: “ಟ್ರೇ ಎಳೆಯೋವಾಗ ನಿಂತ ಹಾಗೇ ಕಣ್ಣು ಮುಚ್ಚಿಬಿಡ್ತಂತೆ.”

“ಅಷ್ಟೇನಿಲ್ಲ,” ಎಂದ ಅಪ್ಪ. “ಗಾಯ ಮಾಯೋವರೆಗೆ ಒಲೆ ಹತ್ರ ಬೇಡ, ಕಸ ಗುಡಿಸ್ಕೊಂಡಿರು ಅಂದಿದಾರೆ. ಆರಾಮ.”

ಆರಾಮ ಎಂದವನ ತುಟಿ ಒಣಗಿತ್ತು. ಮೊಳೆಯಲ್ಲಿದ್ದ ಇಸ್ತ್ರಿ ಅಂಗಿಯನ್ನು ಅವನು ಎಡಗೈಯಲ್ಲಿ ಇಳಿಸಿಕೊಂಡ. ಬ್ಯಾಂಡೇಜಿನ ಕೈ ಅಂಗಿಯ ತೋಳಿನೊಳಗೆ ತೂರಲಿಲ್ಲ; ಹೆಗಲ ಮೇಲೆ ಹೊದ್ದುಕೊಂಡ. ಒಂದೇ ಕೈಯಲ್ಲಿ ಗುಂಡಿ ಹಾಕಲು ಹೋಗಿ, ಮೇಲಿನದನ್ನು ಕೆಳಗಿನ ಕಾಜಕ್ಕೆ ಹಾಕಿದ. ಬಿಚ್ಚಿದ. ಮತ್ತೆ ತಪ್ಪಾಗಿಯೇ ಹಾಕಿದ.

ಮೆಟ್ಟಿಲ ಮೇಲೆ ಟೈಲರ್ ಮಗಳ ಚಪ್ಪಲಿ ಸದ್ದಾಯಿತು. ಅಪ್ಪ ಕುರ್ಚಿಯತ್ತ ಹೆಜ್ಜೆಯಿಟ್ಟ.

ಪಿಸುಗುಬ್ಬಿ ಬ್ಯಾಗನ್ನು ಕೆಳಗಿಟ್ಟಳು. ಅಪ್ಪನ ಎದುರು ನಿಂತು, ತಪ್ಪು ಕಾಜದಲ್ಲಿದ್ದ ಗುಂಡಿಯನ್ನು ಬಿಚ್ಚಿ, ಅಂಗಿ ತೆಗೆದು ಮತ್ತೆ ಮೊಳೆಗೆ ಸಿಕ್ಕಿಸಿದಳು. ಅವನ ಎಡಗೈ ಹಿಡಿದು ಹಾಸಿಗೆಯವರೆಗೆ ಕರೆದುಕೊಂಡು ಹೋಗಿ, ಬ್ಯಾಂಡೇಜಿನ ಕೈಯನ್ನು ಮೆಲ್ಲನೆ ಅಂಚಿಗಿಟ್ಟು ಮಲಗಿಸಿದಳು.

“ನಿನ್ ಫ್ರೆಂಡ್ ಬಂದ್ಲು ಮಗಳೇ...”

“ಬರ್ಲಿ ಬಿಡು.”

ಸ್ಟೂಲ್ ಹತ್ತಿ ಕಿಟಕಿಗೆ ಕಂಬಳಿ ಇಳಿಬಿಟ್ಟಳು. ಕೋಣೆ ಕತ್ತಲಾಯಿತು. ಅಮ್ಮ ಬೆಲ್ಲಿನ ಬ್ಯಾಟರಿ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಟೈಲರ್ ಮಗಳು ಹೊಸ್ತಿಲಲ್ಲಿ ನಿಂತು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

“ಗುಡ್ ನೈಟ್, ಅಪ್ಪ,” ಎಂದಳು ಪಿಸುಗುಬ್ಬಿ, ಕೊನೇ ಬೆಂಚಿಗೂ ಕೇಳುವಂತೆ.

ಅಪ್ಪನ ಗುಡ್ ಮಾರ್ನಿಂಗ್‌ಗಾಗಿ ಅವಳು ಕಾದಳು. ಅದು ಬರಲಿಲ್ಲ. ಕತ್ತಲಲ್ಲಿ ಕಿವಿಗೊಟ್ಟಾಗ ನೀಳವಾದ ಉಸಿರೊಂದು ಮೆಲ್ಲನೆ ಏರಿ ಮೆಲ್ಲನೆ ಇಳಿಯುವುದು ಕೇಳಿಸಿತು. ಬ್ಯಾಂಡೇಜಿನ ಕೈ ಹಾಸಿಗೆಯ ಅಂಚಿನಲ್ಲಿ ಬೆಳ್ಳಗೆ ಕಾಣುತ್ತಿತ್ತು.

“ಏನಾಯ್ತೇ ನಿಮ್ಮಪ್ಪಂಗೆ?” ಎಂದಳು ಟೈಲರ್ ಮಗಳು.

ಪಿಸುಗುಬ್ಬಿ ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ. ನಮ್ಮನೇಲಿ ಈಗ ರಾತ್ರಿ.”

ಟೈಲರ್ ಮಗಳು ಒಳಗೆ ನೋಡಿದಳು, ಆಮೇಲೆ ಗೆಳತಿಯ ಮುಖ ನೋಡಿದಳು. ಬಗ್ಗಿ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು.

ಇಬ್ಬರೂ ತುದಿಗಾಲಿನಲ್ಲಿ ಮೆಟ್ಟಿಲಿಳಿದರು. ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಪಿಸುಗುಬ್ಬಿಯ ಅಂಗೈಯಲ್ಲಿ ಮುಲಾಮಿನ ವಾಸನೆ ಇನ್ನೂ ಇತ್ತು. ಬೀದಿಯ ತಿರುವು ಬರುವವರೆಗೂ ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿಕೊಂಡರು.