ಕೆಮ್ಮಜ್ಜಿ ಎಂಬ ಹಡಗು

ಟಿಣ್.

ಬಕೆಟ್ಟಿನ ಹಿಡಿಕೆಯ ಸದ್ದು. ಚೂಟಿ ಕಣ್ಣು ಬಿಟ್ಟಳು. ರಾತ್ರಿ ಹನ್ನೊಂದೂವರೆ. ದೀಪ ಹಾಕದೆ ಅಜ್ಜ ಅಡುಗೆಮನೆಯ ಕಸ ಹಿಡಿದು ಹಿತ್ತಲಿಗೆ ಹೊರಟಿದ್ದರು.

ದಿನವೂ ಹೀಗೆಯೇ. ಅವರ ಕಸ ಕತ್ತಲಾದ ಮೇಲೆಯೇ ಹೊರಗೆ ಹೋಗಬೇಕು. ಇವತ್ತು ಮಧ್ಯಾಹ್ನ, ಸಹಾಯ ಮಾಡೋಣವೆಂದು ಚೂಟಿ ಈರುಳ್ಳಿ ಸಿಪ್ಪೆಯನ್ನು ಹಿತ್ತಲ ಕಸದ ತೊಟ್ಟಿಗೆ ಸುರಿದಿದ್ದಳು. ಎಂದೂ ಗದರದ ಅಜ್ಜ, "ಹಗಲಲ್ಲಿ ಹಾಕು ಅಂತ ಯಾರು ಹೇಳಿದ್ರು ನಿಂಗೆ?" ಎಂದು ಕೂಗಿಬಿಟ್ಟಿದ್ದರು. ಆಮೇಲೆ ಊಟಕ್ಕೂ ಬರಲಿಲ್ಲ.

ಅಜ್ಜ ಸರಕು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ನಾಳೆ ಕ್ಲಾಸಿನಲ್ಲಿ ಆ ಹಡಗಿನ ಬಗ್ಗೆ ಚೂಟಿ ಐದು ನಿಮಿಷ ಮಾತಾಡಬೇಕು. ಮುನಿಸಿಕೊಂಡವರನ್ನು ಕೇಳುವುದು ಹೇಗೆ?

ಅವಳು ಎದ್ದು ಮೆಲ್ಲಗೆ ಅಜ್ಜನ ಹಿಂದೆ ಹೋದಳು. "ಅಜ್ಜ, ಇನ್ನೂ ಕೋಪಾನಾ?"

"ನಿನ್ ಮೇಲಲ್ಲ ಮಗಾ. ಕೂತ್ಕೋ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ನಮ್ ಹಡಗಿನ ಎಂಜಿನ್ನು ಕೆಮ್ಮೋದು. ಅದಕ್ಕೆ ಕೆಮ್ಮಜ್ಜಿ ಅಂತಿದ್ವಿ. ಕೆಂಪಗೆ ಚೆನ್ನಾಗಿದ್ಲು. ಯುದ್ಧ ಶುರುವಾಯ್ತು, ಶತ್ರುಗಳಿಗೆ ಕಾಣದಂಗೆ ಬೂದು ಬಣ್ಣ ಬಳಿದು ಹೆಸರನ್ನೂ ಅಳಿಸಿಬಿಟ್ರು. ಆದ್ರೂ ಹಿಟ್ಟಿನ ಮೂಟೆ ಮೇಲೆ ಮಲಗಿ ಹಾಡ್ತಿದ್ವಿ ನೋಡು, ಅಂಥಾ ನಿದ್ದೆ ಆಮೇಲೆ ಯಾವ ಹಾಸಿಗೇಲೂ ಬರ್ಲಿಲ್ಲ."

"ಮತ್ತೆ ಕಸ?"

"ಹಗಲು ಎಸೀಬಾರ್ದು ಅಂತ ಆರ್ಡರು. ನೀರಲ್ಲಿ ಸಿಪ್ಪೆ ತೇಲಿದ್ರೆ ಶತ್ರು ಸಬ್‌ಮರೀನ್‌ಗೆ ನಾವೇ ದಾರಿ ತೋರಿಸ್ದಂಗೆ. ರಾತ್ರಿ ಎಸೆದ್ರೆ ಬೆಳಗಾಗೋದ್ರೊಳಗೆ ದೂರ ಹೋಗಿರ್ತೀವಿ. ಒಂದಿನ ಅಡುಗೆಮನೇಲಿ ಸೆಖೆ, ನಾತ ಬೇರೆ. ಮಟಮಟ ಮಧ್ಯಾಹ್ನ ಒಂದು ಬಕೆಟ್ ಸಿಪ್ಪೆ ಸುರಿದ್ಬಿಟ್ಟೆ."

"ಬಂತಾ ಸಬ್‌ಮರೀನು?"

"ನಮಗೇನೂ ಆಗ್ಲಿಲ್ಲ." ಅಜ್ಜ ಬಕೆಟ್ಟಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. "ಹಿಂದೆ ಇನ್ನೊಂದು ಹಡಗು ಬರ್ತಿತ್ತು. ಅದು ಬಂದರು ಸೇರ್ಲೇ ಇಲ್ಲ."

"ಸಿಪ್ಪೆಯಿಂದಾನಾ?"

"ಇವತ್ತಿಗೂ ಗೊತ್ತಿಲ್ಲ ಮಗಾ. ಕ್ಯಾಪ್ಟನ್‌ಗೆ ಹೇಳ್ಲಿಲ್ಲ. ನಿಮ್ಮಜ್ಜಿಗೂ ಹೇಳ್ಲಿಲ್ಲ."

ಚೂಟಿ ಎದ್ದಳು. ಬಕೆಟ್ಟಿನ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಸದ್ದಾಗದಂತೆ ಕಸ ಸುರಿದು ಬಂದರು.

ಮರುದಿನ ಚೂಟಿ ಕ್ಲಾಸಿನಲ್ಲಿ ಕೆಮ್ಮಜ್ಜಿಯ ಹಾಗೆ ಕೆಮ್ಮಿ ತೋರಿಸಿದಳು. ಎಲ್ಲರೂ ನಕ್ಕರು. ಬೂದು ಬಣ್ಣ, ಹಿಟ್ಟಿನ ಮೂಟೆ, ಹಾಡು ಎಲ್ಲ ಹೇಳಿದಳು.

"ಯುದ್ಧದಲ್ಲಿ ಮತ್ತೇನೂ ಆಗ್ಲಿಲ್ವಾ?" ಮಿಸ್ ಕೇಳಿದರು.

"ಬರೀ ಹಿಟ್ಟು ಹೊತ್ರಂತೆ," ಹಿಂದಿನ ಬೆಂಚಿನ ಸೋಡಾಬುಡ್ಡಿ ಕಿಸಕ್ಕೆಂದ.

ಸಬ್‌ಮರೀನ್ ಎಂಬ ಮಾತು ಚೂಟಿಯ ನಾಲಗೆಯ ತುದಿಗೆ ಬಂತು. ಅದೊಂದನ್ನು ಹೇಳಿದ್ದರೆ ಸೋಡಾಬುಡ್ಡಿಯ ಬಾಯಿ ಮುಚ್ಚುತ್ತಿತ್ತು. ಅಷ್ಟರಲ್ಲಿ ಹಿಡಿಕೆ ಹಿಡಿದ ಅಜ್ಜನ ಕೈ ನೆನಪಾಯಿತು. ಇವರಿಗಷ್ಟೇ ಅಲ್ಲ, ಅಮ್ಮನಿಗೂ ಹೇಳಬಾರದು ಅಂದುಕೊಂಡಳು.

"ಹೂಂ ಮಿಸ್," ಎಂದಳು. "ಬರೀ ಹಿಟ್ಟು."