ಸೊಂಟ ನಂದು ಸ್ವಾಮಿ!

"ಅಯ್ಯೋ! ಮುಟ್ಟಬೇಡಿ!"

ಅವಳ ಕೂಗಿಗೆ ಹೊರಗೆ ಕಾದು ಕೂತಿದ್ದ ರೋಗಿಗಳೆಲ್ಲ ಬೆಚ್ಚಿಬಿದ್ದರು.

"ನಾನಿನ್ನೂ ಮುಟ್ಟೇ ಇಲ್ವಲ್ರೀ..." ಫಿಸಿಯೋಥೆರಪಿಸ್ಟ್ ಎರಡು ಹೆಜ್ಜೆ ಹಿಂದೆ ಸರಿದ.

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ಬೆನ್ನು ಅದು. ಬಟ್ಟೆಯ ಮೂಟೆ ಎತ್ತುವಾಗ ಒಮ್ಮೆ ಸೊಂಟ ಛಳಕ್ ಎಂದಿತು. ಅಂದಿನಿಂದ ಎಡಗಾಲಿನ ಬೆರಳವರೆಗೂ ಕರೆಂಟು ಹೊಡೆದಂಥ ನೋವು. ಡಿಸ್ಕ್ ಜಾರಿ ನರ ಒತ್ತುತ್ತಿದೆ, ಸದ್ಯಕ್ಕೆ ಆಪರೇಷನ್ ಬೇಡ, ವ್ಯಾಯಾಮ ಮಾಡಲಿ ಎಂದು ಡಾಕ್ಟರು ಇಲ್ಲಿಗೆ ಕಳಿಸಿದ್ದರು.

"ಬೋರಲು ಮಲಗಿ. ಮೊಣಕೈ ಊರಿ ಎದೆ ಮಾತ್ರ ಮೇಲೆತ್ತಿ. ನಿಧಾನ... ಈಗ ನೋವೆಲ್ಲಿದೆ?"

"ಕಾಲಲ್ಲಿ ಕಮ್ಮಿ ಆಯ್ತು. ಸೊಂಟದಲ್ಲಿ ಜಾಸ್ತಿ ಆಯ್ತು!"

"ತುಂಬಾ ಒಳ್ಳೇದು!"

"ಒಳ್ಳೇದಾ? ಸೊಂಟ ನಂದು ಸ್ವಾಮಿ!"

ಜೊತೆಗೆ ಬಂದಿದ್ದ ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಾಲಿನ ನೋವು ಮೇಲಕ್ಕೆ ಸರಿದರೆ ನರದ ಮೇಲಿನ ಒತ್ತಡ ಇಳಿಯುತ್ತಿದೆ ಎಂದು ಅರ್ಥ ಅಂತ ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ. ಆ ತಾಳ್ಮೆಗೇ ಅವಳಿಗೆ ಮೈಯೆಲ್ಲ ಉರಿಯಿತು!

ಉರಿ ಅಷ್ಟಕ್ಕೇ ನಿಲ್ಲಲಿಲ್ಲ. ಅವಳ ಅಂಗಡಿ ಅವನ ಮನೆಯ ದಾರಿಯಲ್ಲೇ ಇತ್ತು. ಗುಂಡಿ ಕಿತ್ತ ಶರ್ಟು ಹಿಡಿದು ಬರುತ್ತಿದ್ದ. ಬಂದವನು ಸುಮ್ಮನಿರುತ್ತಿದ್ದನೇ?

"ಎಷ್ಟು ಹೊತ್ತಿಂದ ಕೂತಿದೀರಿ? ಎದ್ದು ಓಡಾಡಿ."

"ನೀವು ಗುಂಡಿ ಹಾಕಿಸ್ಕೊಳ್ಳೋಕೆ ಬಂದ್ರೋ, ಕಾವಲಿಗೆ ಬಂದ್ರೋ?"

ಬೈಯುತ್ತಲೇ ಏಳುತ್ತಿದ್ದಳು. ಅವನು ಬಾರದ ಸಂಜೆ ಮಾತ್ರ ಕಣ್ಣು ಪದೇ ಪದೇ ಬಾಗಿಲಿಗೆ ಹೋಗುತ್ತಿತ್ತು. 'ಛೆ! ನನಗೇನಾಗಿದೆ?'

ಒಂದು ದಿನ ಚಿಕಿತ್ಸೆಗೆ ಹೋದರೆ ಅಲ್ಲಿ ಅವನ ಬದಲು ಒಬ್ಬ ಹೆಂಗಸು!

"ಇನ್ಮೇಲೆ ನಾನೇ ನೋಡ್ಕೊಳ್ತೀನಿ. ಅವರೇ ಕೇಳ್ಕೊಂಡು ನಿಮ್ಮನ್ನ ನನಗೆ ಒಪ್ಪಿಸಿದ್ರು."

ಅವರೇ... ಕೇಳ್ಕೊಂಡು!

'ನನ್ನ ಬಾಯಿಗೆ ಹೆದರಿ ಕೈ ತೊಳೆದುಕೊಂಡನಾ?' ಅವನು ಅಂಗಡಿಯ ಕಡೆಗೂ ಬರಲಿಲ್ಲ. ಅವಳು ಸಿಟ್ಟಿನಿಂದಲೇ ವ್ಯಾಯಾಮ ಮಾಡಿದಳು, ಸಿಟ್ಟಿನಿಂದಲೇ ನಡೆದಳು. ಕಾಲಿನ ನೋವು ಕರಗುತ್ತಾ ಬಂತು. ಎದೆಯದ್ದು ಕರಗಲಿಲ್ಲ.

ಅತ್ತಿಗೆಗೆ ರೋಸಿಹೋಯಿತು. "ದಿನಾ ನನ್ನ ತಲೆ ತಿನ್ನೋ ಬದಲು ಅವನನ್ನೇ ಹೋಗಿ ಕೇಳಬಾರದಾ?"

ಹೋದಳು! ಕೆಲಸ ಮುಗಿಸಿ ಹೊರಬರುತ್ತಿದ್ದವನನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ತಡೆದಳು.

"ನನ್ನಿಂದ ಅಷ್ಟು ಬೇಜಾರಾಗಿದ್ರೆ ಮುಖಕ್ಕೇ ಹೇಳಬೇಕಿತ್ತು! ಹಳೇ ಬಟ್ಟೆ ಥರ ದಾಟಿಸಿಬಿಡೋದಾ?"

ಅವನ ಮುಖ ಬಿಳುಚಿತು.

"ಬೇಜಾರಾ...? ನಿಮಗೆ ನೋವಾಗುತ್ತೆ ಅಂತ ವ್ಯಾಯಾಮವನ್ನೇ ಅರ್ಧಕ್ಕೆ ನಿಲ್ಲಿಸೋಕೆ ಶುರು ಮಾಡಿದ್ದೆ. ರೋಗಿಯಾಗಿ ಬಂದವರ ಮೇಲೆ ಮನಸ್ಸಿಟ್ಕೊಂಡು ಚಿಕಿತ್ಸೆ ಕೊಡೋದು ತಪ್ಪು. ಅದಕ್ಕೇ ಬಿಟ್ಟುಕೊಟ್ಟೆ. ನೀವು ಪೂರ್ತಿ ಹುಷಾರಾದ್ಮೇಲೆ ಹೇಳೋಣ ಅಂತ..."

ಅವಳ ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಪೂರ್ತಿ ಹುಷಾರಾಗೋದು ಯಾವ ಕಾಲಕ್ಕೆ? ಬೆಳಿಗ್ಗೆ ಏಳುವಾಗ ಇನ್ನೂ ಹಿಡಿಯುತ್ತೆ! ನಾನು ಇಲ್ಲದ್ದನ್ನೆಲ್ಲ ಅಂದ್ಕೊಂಡು ಅತ್ತಿದ್ದಕ್ಕೆ ಯಾರು ಚಿಕಿತ್ಸೆ ಕೊಡ್ತಾರೆ?"

"ತಪ್ಪಾಯ್ತು... ಎಲ್ಲಾದ್ರೂ ಕೂತು ಮಾತಾಡೋಣ್ವಾ?"

"ಕೂರೋದಾ? ಬೆಳಗಿಂದ ಕೂತೇ ಸಾಕಾಗಿದೆ."

"ಹಾಗಾದ್ರೆ ನಡ್ಕೊಂಡು ಹೋಗೋಣ." ಅವನು ಅಳುಕುತ್ತಲೇ ಕೈ ಚಾಚಿದ.

ಅವಳು ಆ ಕೈ ಹಿಡಿದಳು. "ಎಲ್ಲಿವರೆಗೆ?"

"ನಿಮ್ಮ ಸೊಂಟ ಎಲ್ಲಿವರೆಗೆ ಒಪ್ಪುತ್ತೋ ಅಲ್ಲಿವರೆಗೆ."

"ಅಯ್ಯೋ, ಅದರ ಮಾತು ಬಿಡಿ..." ಅವಳು ತಲೆ ಎತ್ತದೆ ಮೆಲ್ಲಗೆ ಹೇಳಿದಳು. "ನಾನು ಒಪ್ಪಿದೀನಿ."